ವಿಡಿಯೋ ಚಿತ್ರೀಕರಣಕ್ಕೆ ಟ್ರೈಪಾಡ್ ಕೊಳ್ಳುವಾಗ ಏನೇನು ನೋಡಬೇಕು?

ಮೊದಲು ಕ್ಯಾಮೆರಾ, ಲೆನ್ಸ್, ಮೈಕ್, ಬ್ಯಾಟರಿ ಎಲ್ಲ ಸೇರಿಸಿ ತೂಕ ಹಾಕಿ. 3 ಕೆಜಿ ಬಂದರೆ 5 ಕೆಜಿ ಹೊರುವ ಹೆಡ್ (ಕಾಲುಗಳ ಮೇಲೆ ಕ್ಯಾಮೆರಾ ಕೂರಿಸಿ ತಿರುಗಿಸುವ ಭಾಗ) ಸಾಕು. 12 ಕೆಜಿಯದ್ದು ಬೇಡ. ಬಾಗಿಸಿದ ಕ್ಯಾಮೆರಾ ಬೀಳದಂತೆ ತಡೆಯುವ ಅದರ ಕೌಂಟರ್‌ಬ್ಯಾಲೆನ್ಸ್ ಸ್ಪ್ರಿಂಗ್ ಹಗುರವಾದ ಕ್ಯಾಮೆರಾವನ್ನು ಮತ್ತೆ ನೆಟ್ಟಗೆ ಎಳೆದುಬಿಡುತ್ತದೆ.

ಹಣ ಹೆಡ್‌ಗೇ ಹೆಚ್ಚು ಹೋಗಲಿ. ಫೋಟೋಗೆ ಬಳಸುವ ಬಾಲ್ ಹೆಡ್ ಸಡಿಲಿಸಿದರೆ ಎಲ್ಲ ಕಡೆಗೂ ವಾಲುತ್ತದೆ. ಬೇಕಿರುವುದು ಫ್ಲೂಯಿಡ್ ಹೆಡ್. ಒಳಗಿನ ಗಟ್ಟಿ ಗ್ರೀಸ್ ಚಲನೆಗೆ ಒಂದೇ ಸಮನಾದ ತಡೆ ಕೊಡುತ್ತದೆ. ಅಗ್ಗದ ಕೆಲವು ಹೆಡ್‌ಗಳ ಮೇಲೆ ‘ಫ್ಲೂಯಿಡ್’ ಎಂದಿದ್ದರೂ ಒಳಗೆ ಬರೀ ವಾಷರ್‌ಗಳ ಉಜ್ಜಾಟ. ಪ್ಯಾನ್ (ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸುವುದು) ಶುರುವಿನಲ್ಲೇ ಚಿತ್ರ ಜಗ್ಗುತ್ತದೆ.

ಅಂಗಡಿಗೆ ನಿಮ್ಮ ಕ್ಯಾಮೆರಾವನ್ನೇ ಒಯ್ಯಿರಿ. ಕ್ಯಾಮೆರಾ ಕೂರಿಸಿದ ಪ್ಲೇಟನ್ನು ಹಿಂದೆ ಮುಂದೆ ಸರಿಸಿ ಸಮತೋಲ ಮಾಡಿ, 30 ಡಿಗ್ರಿ ಬಾಗಿಸಿ ಹಿಡಿಯನ್ನು ಬಿಡಿ (ಇನ್ನೊಂದು ಕೈ ಕ್ಯಾಮೆರಾದ ಕೆಳಗೇ ಇರಲಿ). ಅಲ್ಲೇ ನಿಂತರೆ ಸರಿ. ಮುಂದಕ್ಕೆ ಬಿದ್ದರೆ ಸ್ಪ್ರಿಂಗ್ ಸಾಲದು. ಆಮೇಲೆ ಪೂರ್ತಿ ಜೂಮ್ ಮಾಡಿ, ನಿಧಾನ ಪ್ಯಾನ್ ಮಾಡಿ ನಿಲ್ಲಿಸಿ. ಚಿತ್ರ ತುಸು ಹಿಂದಕ್ಕೆ ಬಂತೇ? ಕಾಲುಗಳು ತಿರುಚುತ್ತಿವೆ ಅಥವಾ ಹೆಡ್ ಸಡಿಲವಿದೆ. ಬೇರೆಯದು ನೋಡಿ.

ಕಾಲುಗಳಿಗೆ 75 ಮಿ.ಮೀ. ಬೌಲ್ (ಹೆಡ್ ಕೂರುವ ಬಟ್ಟಲಿನಂಥ ಭಾಗ) ಇದ್ದರೆ ನೆಲ ಏರುತಗ್ಗಿದ್ದರೂ ಕ್ಷಣದಲ್ಲಿ ಗುಳ್ಳೆಮಟ್ಟ (ಸ್ಪಿರಿಟ್ ಲೆವೆಲ್) ಸರಿಹೋಗುತ್ತದೆ. ಬಯಲಿನ ಯಕ್ಷಗಾನ, ಮೆಟ್ಟಿಲು, ಗದ್ದೆಯಂಚಿಗೆಲ್ಲ ಕಾಲುಗಳನ್ನು ಅವುಗಳ ನಡುಮಟ್ಟದಲ್ಲಿ ಹಿಡಿದಿಡುವ ಸ್ಪ್ರೆಡರ್ ಅನುಕೂಲ. ಎತ್ತರ ಕಾಲುಗಳಿಂದಲೇ ಬರಬೇಕು. ನಡುಗಂಬ ಏರಿಸಿದಷ್ಟೂ ಅಲುಗಾಟ ಹೆಚ್ಚು.