ಸಂಪಾದಕರ ಉತ್ತರ: ಕುದುರೆ ಹುಚ್ಚು ಬಿಡಿಸಬೇಕಾ?

ಪುಣೆಯ ತಾಯಿಯೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ: "ಮಗಳು ಹನ್ನೆರಡನೇ ಕ್ಲಾಸು. ಐದನೇ ವಯಸ್ಸಿನಿಂದ ಕುದುರೆ ಹುಚ್ಚು. ಭಾನುವಾರ ರೈಡಿಂಗ್ ಕ್ಲಾಸು ಒಂದೇ ಗಂಟೆ, ಮನೆಗೆ ಬರೋದು ಮೂರು ಗಂಟೆ ತಡ, ಬಟ್ಟೆಯೆಲ್ಲ ಲದ್ದಿ ವಾಸನೆ. ಮನೆಯವರು ಇಂಜಿನಿಯರಿಂಗ್ ಅಂತಾರೆ, ಇವಳು ಕುದುರೆ ಅಂತಾಳೆ. ರೇಸ್ ಅಂದ್ರೆ ಜೂಜು ಅಲ್ವಾ? ಈ ಹುಚ್ಚು ಹೊಟ್ಟೆ ತುಂಬಿಸುತ್ತಾ?"

ತಾಯಿ, ಜೂಜಿನ ಮಾತು ಮೊದಲು ಮುಗಿಸಿಬಿಡೋಣ. ದುಡ್ಡು ಕಟ್ಟುವವರು ಬೇರೆ, ಕುದುರೆ ಸಾಕುವವರು ಬೇರೆ. ಮುಂಬಯಿಯ ಮಹಾಲಕ್ಷ್ಮಿ ರೇಸ್ ಕೋರ್ಸ್ 1883ರದ್ದು. ಚಳಿಗಾಲದಲ್ಲಿ ಇಲ್ಲಿ ರೇಸು, ಮಳೆಗಾಲದಲ್ಲಿ ನಿಮ್ಮ ಪುಣೆಯಲ್ಲಿ. ನಾನು ಒಮ್ಮೆಯೂ ದುಡ್ಡು ಕಟ್ಟಿದವನಲ್ಲ. ಆದರೆ ಚಿಕ್ಕ ವಯಸ್ಸಿನಲ್ಲಿ ಲೋವರ್ ಪರೇಲ್‌ನ ಚಾಳಿನಲ್ಲಿದ್ದಾಗ, ಪ್ರೂಫ್ ತಿದ್ದುವ ರಾತ್ರಿ ಪಾಳಿ ಮುಗಿಸಿ ಸುಮ್ನೆ ಆ ಕಡೆ ನಡೆದು ಹೋಗುತ್ತಿದ್ದೆ.

ಅಲ್ಲಿ ಕಲಬುರಗಿ ಕಡೆಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಒಬ್ಬರು ಪರಿಚಯವಾದರು. ಒಂದು ಬೆಳಗ್ಗೆ ಲಾಯದ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದೆವು. ಅವರ ಕುದುರೆ ಹುಲ್ಲು ಮುಟ್ಟಿರಲಿಲ್ಲ. ಕತ್ತು ತಿರುಗಿಸಿ ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಅವರು ಲೋಟ ಕೆಳಗಿಟ್ಟರು. ಹೋಗಿ ಅದರ ಪಕ್ಕೆಗೆ ಕಿವಿ ಹಚ್ಚಿ ನಿಂತರು. ಆಮೇಲೆ ಆ ಬದಿಗೂ ಹೋಗಿ ಕೇಳಿದರು. "ಹೊಟ್ಟಿ ಮಾತಾಡವಲ್ದು ನೋಡ್ರಿ" ಅಂದವರೇ ಡಾಕ್ಟರನ್ನು ಕರೆಯಲು ಓಡಿದರು.

ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ತಿಂದದ್ದು ಮುಂದಕ್ಕೇ ಹೋಗಬೇಕು. ಕರುಳು ನಿಂತರೆ ಬರೀ ಹೊಟ್ಟೆನೋವೇ ಪ್ರಾಣ ತೆಗೆಯಬಹುದು. ಡಾಕ್ಟರ್ ಬಂದು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ನಾನು ನಿದ್ದೆ ಮರೆತು ಅಲ್ಲೇ ಕೂತೆ. ಮಧ್ಯಾಹ್ನದ ಹೊತ್ತಿಗೆ ಕುದುರೆ ಲದ್ದಿ ಹಾಕಿತು. ಆ ಲದ್ದಿ ನೋಡಿ ಸೈಸ್ ನಕ್ಕ ನಗು, ಮಗಳ ಮದುವೆ ಗೊತ್ತಾದವರ ನಗು.

ಅವರು ಒಂದು ರೇಸೂ ಓಡಿಸಿದವರಲ್ಲ. ಕುದುರೆ ಹತ್ತುವ ಆಸೆ ಬಹಳ ಮಕ್ಕಳಿಗೆ ಇರುತ್ತದೆ, ಹೋಗುತ್ತದೆ ಕೂಡ. ಇಳಿದ ಮೇಲೆ ಮೂರು ಗಂಟೆ ಲಾಯದಲ್ಲೇ ಉಳಿಯುವ ಹುಡುಗಿಯ ವಿಷಯ ಬೇರೆ. ನೀವು ದೂರು ಅಂತ ಬರೆದದ್ದನ್ನು ನಾನು ಶಿಫಾರಸು ಪತ್ರದ ಹಾಗೆ ಓದಿದೆ.

ಇನ್ನು ಹೊಟ್ಟೆಪಾಡು. ಪಶುವೈದ್ಯಳಾಗಬಹುದು. ಪರೇಲ್‌ನ ಬಾಂಬೆ ವೆಟರ್ನರಿ ಕಾಲೇಜು 1886ರಿಂದ ಇದೆ. ನೀಟ್ ಬರೆಯಬೇಕು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಹಸು, ನಾಯಿ, ಕೋಳಿ ಎಲ್ಲವನ್ನೂ ಓದಬೇಕು, ಕುದುರೆ ಒಂದನ್ನೇ ಅಲ್ಲ. ಮಗಳು ಬಯಾಲಜಿ ತೆಗೆದುಕೊಂಡಿದ್ದಾಳಾ? ನೀವು ಬರೆದಿಲ್ಲ. ಇವತ್ತೇ ಕೇಳಿ, ಇಂಜಿನಿಯರಿಂಗ್ ಜಗಳದಲ್ಲಿ ಅದು ಬಿಟ್ಟುಹೋಗಿದ್ದರೆ ಕಷ್ಟ.

ಲಾಳ ಹೊಡೆಯುವುದೂ ದೊಡ್ಡ ವಿದ್ಯೆಯೇ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಐದಾರು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಮೊಳೆ ಒಂದು ಕೂದಲು ಒಳಗೆ ಹೋದರೂ ಕುದುರೆ ಕುಂಟುತ್ತದೆ. ಇನ್ನು ನಿಮ್ಮ ಪಕ್ಕದ ಪಿಂಪ್ರಿಯಲ್ಲಿ ಹಾಫ್ಕಿನ್ ಸಂಸ್ಥೆಯವರು ಕುದುರೆ ಸಾಕಿರುವುದು ರೇಸಿಗಲ್ಲ. ಸ್ವಲ್ಪ ಸ್ವಲ್ಪವೇ ಹಾವಿನ ವಿಷ ಚುಚ್ಚಿ, ಅವುಗಳ ರಕ್ತದಿಂದ ಹಾವು ಕಡಿದವರಿಗೆ ಔಷಧಿ ಮಾಡುತ್ತಾರೆ. ಅಲ್ಲೂ ಕುದುರೆ ಬಲ್ಲವರು ಬೇಕು.

ಮನೆಯವರ ಜೊತೆ ವಾದ ಮಾಡಬೇಡಿ. ಜೇಜುರಿಗೆ ಹೋಗುವವರಾದರೆ, ಅಲ್ಲಿಯ ಖಂಡೋಬ, ಅಂದರೆ ನಮ್ಮ ಮೈಲಾರಲಿಂಗ, ಯಾವುದರ ಮೇಲೆ ಕೂತಿದ್ದಾನೆ ಅಂತ ಕೇಳಬಹುದು, ಅಷ್ಟೇ! ಬರುವ ಭಾನುವಾರ ಅವರನ್ನೇ ಲಾಯಕ್ಕೆ ಕಳಿಸಿ. ಕ್ಲಾಸು ನಡೆಯುವಾಗ ಬೇಡ, ಮುಗಿದ ಮೇಲೆ ಹೋಗಲಿ. ಎಲ್ಲಿ ನಿಲ್ಲಬೇಕು ಅಂತ ಮಗಳೇ ಹೇಳುತ್ತಾಳೆ. ಚಪ್ಪಲಿ ಮಾತ್ರ ಬೇಡ, ಗಟ್ಟಿ ಶೂ ಹಾಕಿಕೊಳ್ಳಲಿ. ನಾನೂರೈವತ್ತು ಕಿಲೋದ ಪ್ರಾಣಿ ಕಾಲು ತುಳಿದರೆ, ಮುಂದಿನ ಪತ್ರ ಅವರದ್ದೇ ಬರುತ್ತದೆ.