ಸ್ಟೇಷನ್‌ನಲ್ಲಿ ಹಾಕಿದ ಸಹಿಗಿಂತ ಕೇಳದೇ ಬಿಟ್ಟ ಪ್ರಶ್ನೆಗಳೇ ಜಾಸ್ತಿ ಅಪಾಯ

ನಿಮ್ಮ ತಮ್ಮ ಪೊಲೀಸ್ ಸ್ಟೇಷನ್‌ನಲ್ಲಿ ‘ಸರ ಕದ್ದದ್ದು ನಾನೇ’ ಅನ್ನೋ ಹೇಳಿಕೆಗೆ ಸಹಿ ಹಾಕಿದ್ದಾನೆ, ಕೋರ್ಟಿನಲ್ಲಿ ಅವನ ವಕೀಲರು ಇಬ್ಬರು ಪಂಚರಿಗೆ (ಮಾಲು ಸಿಕ್ಕಿದ್ದಕ್ಕೆ ಪೊಲೀಸರು ಸಹಿ ಹಾಕಿಸಿಕೊಂಡ ಸಾಕ್ಷಿಗಳಿಗೆ) ಪಾಟಿ ಸವಾಲೇ ಮಾಡಲಿಲ್ಲ, ಅಂದರೆ ಎದುರು ಪ್ರಶ್ನೆಗಳನ್ನೇ ಕೇಳಲಿಲ್ಲ, ಇನ್ನು ಶಿಕ್ಷೆ ಖಂಡಿತ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಆದರೆ ನಾನು ಕ್ರಿಮಿನಲ್ ಕೇಸುಗಳನ್ನೇ ನಡೆಸುವವನು, ನನಗೆ ಆ ಸಹಿಗಿಂತ ಎರಡನೆಯ ವಿಷಯವೇ ಜಾಸ್ತಿ ಚಿಂತೆ ಹುಟ್ಟಿಸುತ್ತದೆ.

ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವ ಹಾಗೇ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಲಾಕಪ್ಪಿನೊಳಗೆ ಹೇಗೆ ಬಾಯಿ ಬಿಡಿಸುತ್ತಾರೆ ಅನ್ನುವುದು ಬ್ರಿಟಿಷರ ಕಾಲದಿಂದಲೂ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಚಾರ್ಜ್‌ಶೀಟಿನಲ್ಲಿ ‘ಸ್ವಇಚ್ಛಾ ಹೇಳಿಕೆ’ ಅಂತ ಪುಟಗಟ್ಟಲೆ ಇದ್ದರೂ ಹೆದರಬೇಡಿ.

ಒಂದು ಕಿಂಡಿ ಮಾತ್ರ ಇದೆ. ‘ಸರ ಕದ್ದೆ, ಹಿತ್ತಲಲ್ಲಿ ಹೂತಿಟ್ಟಿದ್ದೇನೆ, ತೋರಿಸುತ್ತೇನೆ’ ಅಂದು ಅಲ್ಲಿಂದ ನಿಜವಾಗಿ ಸರ ಸಿಕ್ಕಿದರೆ, ‘ಹೂತಿಟ್ಟಿದ್ದೇನೆ, ತೋರಿಸುತ್ತೇನೆ’ ಅನ್ನುವಷ್ಟು ಒಳಗೆ ಬರುತ್ತದೆ, ‘ಕದ್ದೆ’ ಹೊರಗೇ ಉಳಿಯುತ್ತದೆ. 1946ರಲ್ಲಿ ಪುಲುಕುರಿ ಕೊಟ್ಟಯ್ಯ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ (ಆಗ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ಕೋರ್ಟು) ಎಳೆದ ಗೆರೆ ಇದು. (ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಬೇರೆ. ಅದು ಸಾಕ್ಷ್ಯವಾಗುತ್ತದೆ. ಆಮೇಲೆ ಅದನ್ನು ಅಲ್ಲಗಳೆದಿದ್ದರೆ, ಕೋರ್ಟು ಸಾಮಾನ್ಯವಾಗಿ ಬೇರೆ ಆಧಾರವನ್ನೂ ಕೇಳುತ್ತದೆ.)

ಈಗ ಪಂಚರ ವಿಷಯ. ಸರ ಸಿಕ್ಕಿದ್ದು ನಮ್ಮೆದುರಿಗೇ ಅಂತ ಅವರು ಹೇಳಿ ಹೋದರು, ಯಾರೂ ‘ನೀವು ನಿಜವಾಗಿ ಅಲ್ಲಿಗೆ ಹೋಗಿದ್ದಿರಾ, ಸಹಿ ಹಾಕಿದ್ದು ಸ್ಟೇಷನ್‌ನಲ್ಲೇ ಅಲ್ಲವಾ’ ಅಂತ ಕೇಳಲಿಲ್ಲ ಅಂದರೆ, ಜಡ್ಜ್ ಆ ಮಾತನ್ನು ಒಪ್ಪಿಕೊಳ್ಳುವ ಸಾಧ್ಯತೆ ತುಂಬಾ ಜಾಸ್ತಿ. ಕಳುವಾದ ಸ್ವಲ್ಪ ದಿನದಲ್ಲೇ ಮಾಲು ಯಾರ ಹತ್ತಿರ ಸಿಕ್ಕಿತೋ ಅವನೇ ಕಳ್ಳ ಅಥವಾ ಕಳ್ಳಮಾಲು ಅಂತ ಗೊತ್ತಿದ್ದೇ ಇಟ್ಟುಕೊಂಡವನು ಅಂತ ಊಹಿಸಲು ಕಾನೂನು ಬಿಡುತ್ತದೆ ಬೇರೆ. ನೋಡಿ, ಹೇಳಿಕೆ ಬಿದ್ದುಹೋದರೂ ಮಹಜರ್ (ಮಾಲು ಸಿಕ್ಕಿದ್ದನ್ನು ಪಂಚರ ಮುಂದೆ ಬರೆದ ದಾಖಲೆ) ಒಂದರಿಂದಲೇ ಕೇಸು ನಿಲ್ಲಬಹುದು. ಹಾಗಂತ ಪಾಟಿ ಸವಾಲು ಮಾಡದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತಲ್ಲ. ರುಜುವಾತಿನ ಹೊಣೆ ಪ್ರಾಸಿಕ್ಯೂಷನ್ ಮೇಲೇ ಇರುತ್ತದೆ, ಪಂಚರ ಮಾತು ಒಂದಕ್ಕೊಂದು ತಾಳೆಯಾಗದಿದ್ದರೆ ಅದನ್ನು ವಾದದಲ್ಲಿ ತೋರಿಸಬಹುದು.

ಆದರೆ ಅಲ್ಲಿಯವರೆಗೆ ಕಾಯಬೇಡಿ. ಪಂಚರ ಸಾಕ್ಷ್ಯದ ನಕಲು ತೆಗೆಸಿ, ಅವರನ್ನು ಮರಳಿ ಕರೆಸಲು ಈಗಲೇ ಅರ್ಜಿ ಹಾಕಿಸಿ. ಅರ್ಜಿ ಹಾಕುವುದು ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 348ನೇ ಕಲಂ ಕೆಳಗೆ, ವಿಚಾರಣೆ ಹಳೇ ಕಾನೂನಿನಡಿ ನಡೆಯುತ್ತಿದ್ದರೆ ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಂ ಕೆಳಗೆ. ತೀರ್ಪಿನ ಮುಂಚೆ ಯಾವಾಗ ಬೇಕಾದರೂ ಹಾಕಬಹುದು, ಆದರೆ ತಡವಾದಷ್ಟೂ ಜಡ್ಜ್ ಒಪ್ಪುವುದು ಕಷ್ಟ. ಈಗಿನ ವಕೀಲರು ಆಸಕ್ತಿ ತೋರಿಸದಿದ್ದರೆ, ದುಡ್ಡಿಲ್ಲದಿದ್ದರೆ, ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ನಿಮ್ಮ ತಮ್ಮ ಜೈಲಿನಲ್ಲಿದ್ದರೆ ಮನೆಯ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕು ಅವನಿಗಿದೆ.