ಪೋಸ್ಟ್‌ಕ್ರಾಸಿಂಗ್ ಕಾರ್ಡ್ ತಲುಪದಿದ್ದರೆ

ಹೊಸನಗರದಿಂದ ಫಿನ್ಲೆಂಡಿಗೆ ಹಾಕಿದ ಪೋಸ್ಟ್‌ಕ್ರಾಸಿಂಗ್ ಕಾರ್ಡ್ 2 ತಿಂಗಳಾದರೂ ನೋಂದಣಿ ಆಗಿಲ್ಲ ಅಂದಿದ್ದೀರಿ. ಪೋಸ್ಟ್‌ಕ್ರಾಸಿಂಗ್ ಅಂದರೆ ಜಗತ್ತಿನ ಅಪರಿಚಿತರು ಒಬ್ಬರಿಗೊಬ್ಬರು ಪೋಸ್ಟ್‌ಕಾರ್ಡ್ ಕಳಿಸುವ ಜಾಲತಾಣ; ಕಾರ್ಡ್ ಪಡೆದವರು ಅದರ ಮೇಲೆ ಬರೆದ ಐಡಿಯನ್ನು (ಗುರುತಿನ ಸಂಖ್ಯೆ) ಅಲ್ಲಿ ಹಾಕಿದಾಗ ನೋಂದಣಿಯಾಗುತ್ತದೆ. ಜುಲೈ ಮಳೆಯಲ್ಲಿ ಕಾರ್ಡಿನ ಐಡಿ ಅಳಿಸಿಹೋಗಿರಬಹುದು. ಇದೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಆದರೆ ನನಗೆ ಹೀಗಾಗಿದೆ: ಅಂಚೆ ಡಬ್ಬಿಗೆ ಹಾಕುವಷ್ಟರಲ್ಲಿ ಕೊಡೆಯಿಂದ ಒಂದು ಹನಿ ಬಿದ್ದು, ಜೆಲ್ ಪೆನ್ನಿನ ಐಡಿ ಬರೀ ನೀಲಿ ಕಲೆಯಾಯಿತು.

ಆ ಕಾರ್ಡಿನ ಆಸೆ ಬಿಡಬೇಡಿ, 60 ದಿನ ದಾಟಿದ ಮೇಲೂ ಒಂದು ವರ್ಷದೊಳಗೆ ಫಿನ್ಲೆಂಡಿನವರು ನೋಂದಾಯಿಸಬಹುದು. ಅಷ್ಟರಲ್ಲಿ ಜಾಲತಾಣದಿಂದ ಇನ್ನೊಬ್ಬರ ಹೊಸ ವಿಳಾಸ ತಗೊಳ್ಳಿ. ಬಾಲ್‌ಪೆನ್ನಿನಲ್ಲಿ ಐಡಿಯನ್ನು ಎರಡು ಕಡೆ ಬರೆಯಿರಿ. ದೇಶದ ಹೆಸರು ಕೊನೆಯ ಸಾಲಿನಲ್ಲಿ, ಇಂಗ್ಲಿಷ್ ದೊಡ್ಡಕ್ಷರದಲ್ಲಿರಲಿ. 50 ಪೈಸೆ ಕಾರ್ಡ್ ದೇಶದೊಳಗೆ ಮಾತ್ರ; ಕೌಂಟರಿನಲ್ಲಿ ವಿದೇಶಕ್ಕೆ ಅಂತ ಹೇಳಿ ಸ್ಟಾಂಪ್ ಕೇಳಿ. ಬರೆಯುವ ಮೊದಲು ಆ ಹೊಸಬರ ಪ್ರೊಫೈಲ್ ಪೂರ್ತಿ ಓದಿ. ನಮ್ಮ ಕಳಲೆ ಪಲ್ಯದ ಬಗ್ಗೆ ನಾಲ್ಕು ಸಾಲು ಬರೆದು, ಚಳಿಗೆ ಅವರ ಮನೆಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿ.